ಚರ್ಚಿನಲ್ಲಿ ಜನ ಕಡಿಮೆಯಾದರು, ಮತಗಟ್ಟೆಯಲ್ಲಿ ಯಾಕೆ ಆಗಲಿಲ್ಲ?

ಅಮೆರಿಕದ ಚುನಾವಣಾ ಸಮೀಕ್ಷೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನೀವು ಬಾರ್ನ್ ಅಗೇನ್ ಅಥವಾ ಇವ್ಯಾಂಜೆಲಿಕಲ್ ಕ್ರೈಸ್ತರೇ?" ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಇಂಥ ಉತ್ತರಗಳನ್ನು ಒಟ್ಟು ಮಾಡಿ, ತೂಗಿ ನೋಡಿ, ಅದರಿಂದ ಏನು ತಿಳಿಯುತ್ತದೆ ಎಂದು ಹೇಳುವುದು ನನ್ನ ಕೆಲಸ. ಅಟ್ಲಾಂಟಾದಲ್ಲಿ ಕೂತು ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಈ ಪ್ರಶ್ನೆಯಷ್ಟು ನನ್ನ ತಲೆ ತಿಂದದ್ದು ಬೇರೆ ಯಾವುದೂ ಇಲ್ಲ.

ಕಳೆದ ಸಲ ಹಾಸನಕ್ಕೆ ಹೋದಾಗ ಅಣ್ಣನ ಮಗ ಕೇಳಿದ. "ಚಿಕ್ಕಪ್ಪ, ಅಲ್ಲಿ ಚರ್ಚಿಗೆ ಹೋಗೋರು ಕಮ್ಮಿ ಆಗ್ತಿದ್ದಾರಂತೆ. ಮತ್ತೆ ಅವರು ಬೆಂಬಲಿಸಿದ ರಿಪಬ್ಲಿಕನ್ ಪಕ್ಷ ಹೇಗೆ ಗೆಲ್ತು?" ಅವತ್ತು ಊಟದ ಹೊತ್ತಿನಲ್ಲಿ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಈಗ ಕೊಡುತ್ತೇನೆ.

ಇವ್ಯಾಂಜೆಲಿಕಲ್ ಎಂದರೆ ಪ್ರಾಟೆಸ್ಟಂಟ್ ಕ್ರೈಸ್ತರಲ್ಲಿ ಒಂದು ದೊಡ್ಡ ಗುಂಪು. ಬೈಬಲ್ಲೇ ಕೊನೆಯ ಮಾತು, ಪ್ರತಿಯೊಬ್ಬರೂ ತಾವಾಗಿಯೇ ಯೇಸುವನ್ನು ಒಪ್ಪಿ ಹೊಸ ಜನ್ಮ ಪಡೆಯಬೇಕು (ಬಾರ್ನ್ ಅಗೇನ್ ಎಂದರೆ ಇದೇ), ಆ ಸಂದೇಶವನ್ನು ಇತರರಿಗೂ ಹೇಳಬೇಕು ಎನ್ನುವುದು ಅವರ ನಂಬಿಕೆ. 1976ರಲ್ಲಿ ತಾನು ಬಾರ್ನ್ ಅಗೇನ್ ಎಂದು ಹೇಳಿಕೊಂಡೇ ಜಿಮ್ಮಿ ಕಾರ್ಟರ್ ಅಧ್ಯಕ್ಷ ಚುನಾವಣೆ ಗೆದ್ದರು. ಅವರು ಡೆಮಾಕ್ರಟ್. 1979ರಲ್ಲಿ ಜೆರ‍್ರಿ ಫಾಲ್ವೆಲ್ ಎಂಬ ಪಾಸ್ಟರ್ ಇಂಥವರನ್ನು ರಾಜಕೀಯಕ್ಕೆ ತರಲು 'ಮಾರಲ್ ಮೆಜಾರಿಟಿ' ಸಂಘಟನೆ ಕಟ್ಟಿದರು. ಮರುವರ್ಷ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ರೊನಾಲ್ಡ್ ರೇಗನ್ ಡಲ್ಲಾಸ್‌ನಲ್ಲಿ ಪಾಸ್ಟರ್‌ಗಳ ದೊಡ್ಡ ಸಭೆಗೆ ಹೋಗಿ, ನೀವು ನನ್ನನ್ನು ಬೆಂಬಲಿಸುವಂತಿಲ್ಲ, ಆದರೆ ನಾನು ನಿಮ್ಮನ್ನು ಬೆಂಬಲಿಸುತ್ತೇನೆ ಎಂದರು. ಅಲ್ಲಿಂದ ಇಲ್ಲಿಯವರೆಗೆ ಬಿಳಿಯ ಇವ್ಯಾಂಜೆಲಿಕಲ್ ಮತ ರಿಪಬ್ಲಿಕನ್ ಪಕ್ಷದ ಬೆನ್ನೆಲುಬು.

ಈಗ ಲೆಕ್ಕ ನೋಡೋಣ. ಪಿಆರ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆಯ ಪ್ರಕಾರ 2006ರಲ್ಲಿ ಅಮೆರಿಕನ್ನರಲ್ಲಿ ಶೇ. 23 ಮಂದಿ ಬಿಳಿಯ ಇವ್ಯಾಂಜೆಲಿಕಲ್ ಪ್ರಾಟೆಸ್ಟಂಟರು. 2020ರ ಹೊತ್ತಿಗೆ ಅದು ಶೇ. 14.5ಕ್ಕೆ ಬಂತು. ಇವರ ಅತಿ ದೊಡ್ಡ ಪಂಗಡ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್. ಅದರ ಸದಸ್ಯರು 2006ರಲ್ಲಿ 1.63 ಕೋಟಿ ಇದ್ದರು. 2023ರಲ್ಲಿ 1.3 ಕೋಟಿಗಿಂತ ಕೆಳಗೆ ಇಳಿದರು. 2022 ಒಂದೇ ವರ್ಷದಲ್ಲಿ ನಾಲ್ಕೂವರೆ ಲಕ್ಷ ಜನ ಕಡಿಮೆಯಾದರು.

ಇನ್ನೊಂದು ಕಡೆ ಮತಗಟ್ಟೆಯ ಹೊರಗೆ ನಡೆಸುವ ಎಕ್ಸಿಟ್ ಪೋಲ್ ನೋಡಿ. ಮತ ಹಾಕಿದವರಲ್ಲಿ ಬಿಳಿಯ ಇವ್ಯಾಂಜೆಲಿಕಲ್ ಪಾಲು 2004ರಲ್ಲಿ ಶೇ. 23. 2016ರಲ್ಲಿ 26. 2020ರಲ್ಲಿ 28. 2020ರವರೆಗೆ ಜನಸಂಖ್ಯೆಯಲ್ಲಿ ಇಳಿಕೆ, ಮತಗಟ್ಟೆಯಲ್ಲಿ ಏರಿಕೆ. ಇದು ಹೇಗೆ ಸಾಧ್ಯ?

ಸ್ವಲ್ಪ ಭಾಗ ಅಳತೆಗೋಲಿನದ್ದೇ ವ್ಯತ್ಯಾಸ. ಪಿಆರ್‌ಆರ್‌ಐ ಮೊದಲು ನಿಮ್ಮ ಧರ್ಮ ಯಾವುದು ಎಂದು ಕೇಳಿ, ಪ್ರಾಟೆಸ್ಟಂಟರನ್ನು ಬೇರೆ ಮಾಡಿಕೊಂಡು ಎಣಿಸುತ್ತದೆ. ಎಕ್ಸಿಟ್ ಪೋಲ್‌ನಲ್ಲಿ ಆ ಸೋಸುವಿಕೆ ಇಲ್ಲ. ಕ್ಯಾಥೊಲಿಕ್ ಒಬ್ಬರು "ಹೌದು, ನಾನು ಬಾರ್ನ್ ಅಗೇನ್" ಎಂದರೆ ಅವರೂ ಲೆಕ್ಕಕ್ಕೆ ಸೇರುತ್ತಾರೆ. ಹಾಗಾಗಿ ಈ ಎರಡು ಅಂಕಿಗಳನ್ನು ಸುಮ್ನೆ ಪಕ್ಕ ಪಕ್ಕ ಇಟ್ಟು ಕಳೆಯಬಾರದು. ಪತ್ರಿಕೆಗಳಲ್ಲಿ ಈ ತಪ್ಪು ಜಾಸ್ತಿ ಕಾಣುತ್ತದೆ, ನನಗೆ ಬೇಸರವಾಗುತ್ತದೆ.

ಇನ್ನೊಂದು ಭಾಗ ವಯಸ್ಸಿನದ್ದು. 2020ರಲ್ಲಿ 65 ದಾಟಿದವರಲ್ಲಿ ಶೇ. 22 ಮಂದಿ ಬಿಳಿಯ ಇವ್ಯಾಂಜೆಲಿಕಲ್. 30 ತುಂಬದವರಲ್ಲಿ ಶೇ. 7 ಮಾತ್ರ. ವಯಸ್ಸಾದವರು ತಪ್ಪದೆ ಮತ ಹಾಕುತ್ತಾರೆ, ಹುಡುಗರು ಹಾಕುವುದಿಲ್ಲ. ಅದು ಎಲ್ಲ ದೇಶದಲ್ಲೂ ಇರುವ ಮಾತೇ. ಆದರೆ ಇಲ್ಲಿ ಚರ್ಚು ಇನ್ನೂ ಒಂದು ಕೆಲಸ ಮಾಡುತ್ತದೆ. ಪ್ರತಿ ಭಾನುವಾರ ನೂರಾರು ಜನ ಒಂದೇ ಕಡೆ ಸೇರುತ್ತಾರೆ. ಯಾರಿಗೆ ಹುಷಾರಿಲ್ಲ, ಯಾರಿಗೆ ಕಾರಿಲ್ಲ ಎಂದು ಎಲ್ಲರಿಗೂ ಗೊತ್ತು. ಮತದಾನದ ದಿನ ಅವರನ್ನು ಕರೆದುಕೊಂಡು ಹೋಗಲು ಯಾರೂ ಹೇಳಿಕೊಡಬೇಕಿಲ್ಲ. ಯಾವ ಧರ್ಮವೂ ಇಲ್ಲ ಎನ್ನುವವರು ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 2023-24ರಲ್ಲಿ ಶೇ. 29 ಇದ್ದರು. 2007ರಲ್ಲಿ 16 ಇದ್ದರು. ಅವರಲ್ಲಿ ಹೆಚ್ಚಿನವರ ಮತ ಡೆಮಾಕ್ರಟರಿಗೆ. ಆದರೆ ಅವರನ್ನು ಒಟ್ಟಿಗೆ ಕೂರಿಸುವ ಒಂದು ಜಗುಲಿ ಇಲ್ಲ.

ಮೂರನೆಯ ಕಾರಣವೇ ನನ್ನ ಮಟ್ಟಿಗೆ ಮುಖ್ಯ. ಆ ಪದದ ಅರ್ಥವೇ ಬದಲಾಗುತ್ತಿದೆ. 2016ರಿಂದ 2020ರವರೆಗೆ ಪ್ಯೂ ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸಿತು. 2016ರಲ್ಲಿ ಇವ್ಯಾಂಜೆಲಿಕಲ್ ಅಲ್ಲದಿದ್ದ, ಆದರೆ ಟ್ರಂಪ್ ಅವರನ್ನು ಮೆಚ್ಚುವ ಬಿಳಿಯರಲ್ಲಿ ಶೇ. 16 ಮಂದಿ 2020ರ ಹೊತ್ತಿಗೆ ತಾವು ಇವ್ಯಾಂಜೆಲಿಕಲ್ ಎನ್ನತೊಡಗಿದ್ದರು. ರಾಜ್ಯಶಾಸ್ತ್ರಜ್ಞ ರಯನ್ ಬರ್ಜ್ ಇನ್ನೊಂದು ಅಂಕಿ ಕೊಡುತ್ತಾರೆ. ಇವ್ಯಾಂಜೆಲಿಕಲ್ ಎಂದು ಹೇಳಿಕೊಳ್ಳುವವರಲ್ಲಿ ಚರ್ಚಿಗೆ ಅಪರೂಪಕ್ಕೆ ಹೋಗುವ ಅಥವಾ ಹೋಗದೇ ಇರುವವರು 2008ರಲ್ಲಿ ಶೇ. 16 ಇದ್ದರು, 2020ರಲ್ಲಿ 27 ಆದರು. ಒಂದು ಬಾಗಿಲಿಂದ ಹುಡುಗರು ಹೊರಗೆ ಹೋಗುತ್ತಿದ್ದಾರೆ. ಇನ್ನೊಂದು ಬಾಗಿಲಿಂದ ರಾಜಕೀಯದ ಕಾರಣಕ್ಕೆ ಬೇರೆಯವರು ಒಳಗೆ ಬರುತ್ತಿದ್ದಾರೆ. ನಂಬಿಕೆಯ ಹೆಸರು ನಿಧಾನವಾಗಿ ಪಕ್ಷದ ಹೆಸರಾಗುತ್ತಿದೆ.

ಹೊರಗೆ ಹೋಗುವವರು ಯಾಕೆ ಹೋಗುತ್ತಿದ್ದಾರೆ? ಮೈಕಲ್ ಹೌಟ್ ಮತ್ತು ಕ್ಲಾಡ್ ಫಿಷರ್ ಎಂಬ ಸಮಾಜಶಾಸ್ತ್ರಜ್ಞರು 2002ರಲ್ಲೇ ಹೇಳಿದ್ದರು. ಧರ್ಮ ಬೇಡ ಎನ್ನುವವರಲ್ಲಿ ಬಹಳ ಮಂದಿ ದೇವರನ್ನು ಬಿಟ್ಟವರಲ್ಲ. ಚರ್ಚು ಬಲಪಂಥದ ರಾಜಕೀಯಕ್ಕೆ ಅಂಟಿಕೊಂಡದ್ದು ಹಿಡಿಸದೆ ದೂರ ಸರಿದವರು. ಅವರ ಮಾತು ಸರಿ ಎಂದು ನನಗೆ ವರ್ಷದಿಂದ ವರ್ಷಕ್ಕೆ ಜಾಸ್ತಿ ಅನ್ನಿಸಿದೆ. ಚರ್ಚು ರಾಜಕೀಯಕ್ಕೆ ಇಳಿದಷ್ಟೂ ಸೌಮ್ಯ ಮನಸ್ಸಿನವರು ಬಿಡುತ್ತಾರೆ. ಅವರು ಬಿಟ್ಟಷ್ಟೂ ಉಳಿದವರ ಒಗ್ಗಟ್ಟು ಬಿಗಿಯಾಗುತ್ತದೆ. ಬಿಳಿಯ ಇವ್ಯಾಂಜೆಲಿಕಲ್ ಮತದಲ್ಲಿ ಹತ್ತಕ್ಕೆ ಸುಮಾರು ಎಂಟು ಪಾಲು 2016, 2020, 2024 ಮೂರೂ ಸಲ ಟ್ರಂಪ್‌ಗೇ ಬಿದ್ದದ್ದು ಹೀಗೆ.

ಹಾಗಾದರೆ ಈ ಇಳಿಕೆಯ ಪರಿಣಾಮ ಎಲ್ಲೂ ಕಾಣುತ್ತಿಲ್ಲವೇ? ಕಾಣುತ್ತಿದೆ. ಜನ ಹುಡುಕುವ ಜಾಗದಲ್ಲಿ ಅಲ್ಲ, ಅಷ್ಟೇ.

ನಾನಿರುವ ಜಾರ್ಜಿಯಾವನ್ನೇ ತೆಗೆದುಕೊಳ್ಳಿ. ಇದು ಬ್ಯಾಪ್ಟಿಸ್ಟರ ನಾಡು. ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1845ರಲ್ಲಿ ಹುಟ್ಟಿದ್ದೇ ಇಲ್ಲಿನ ಆಗಸ್ಟಾದಲ್ಲಿ, ಗುಲಾಮಗಿರಿಯ ಜಗಳದಲ್ಲಿ ಉತ್ತರದವರಿಂದ ಬೇರೆಯಾಗಿ. ಅದಕ್ಕೆ ಅವರು 1995ರಲ್ಲಿ ಕ್ಷಮೆ ಕೇಳಿದರು. ಇಲ್ಲಿ 2020ರಲ್ಲೂ ಬಿಳಿಯ ಇವ್ಯಾಂಜೆಲಿಕಲರು ಒಟ್ಟಾಗಿಯೇ ಟ್ರಂಪ್‌ಗೆ ಮತ ಹಾಕಿದರು. ಆದರೂ ಬೈಡನ್ 11,779 ಮತಗಳಿಂದ ಗೆದ್ದರು. ಅಟ್ಲಾಂಟಾ ಸುತ್ತಲಿನ ಬಡಾವಣೆಗಳಲ್ಲಿ ಕಪ್ಪು ಜನ, ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೋಗಳು, ಏಷ್ಯಾದವರು ತುಂಬಿಕೊಂಡಿದ್ದರು. ನಮ್ಮಂಥ ಕನ್ನಡದವರೂ ಅದರಲ್ಲಿ ಇದ್ದೇವೆ. ಎರಡು ತಿಂಗಳ ನಂತರ ಅದೇ ರಾಜ್ಯ ಒಬ್ಬ ಬ್ಯಾಪ್ಟಿಸ್ಟ್ ಪಾಸ್ಟರ್ ಅನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಕಳಿಸಿತು. ಅವರು ಡೆಮಾಕ್ರಟ್. ಹೆಸರು ರಾಫೆಲ್ ವಾರ್ನಾಕ್. ಕಪ್ಪು ಜನಾಂಗದವರು, ಮಾರ್ಟಿನ್ ಲೂಥರ್ ಕಿಂಗ್ ಇದ್ದ ಎಬೆನೀಜರ್ ಚರ್ಚಿನ ಪಾಸ್ಟರ್. ಬೈಬಲ್ ಒಂದೇ, ಬ್ಯಾಪ್ಟಿಸ್ಟ್ ಹೆಸರೂ ಒಂದೇ, ಹಾಕುವ ಓಟು ಮಾತ್ರ ತದ್ವಿರುದ್ಧ. ನಮ್ಮ ಸಮೀಕ್ಷೆಗಳಲ್ಲಿ 'ಬಿಳಿಯ' ಎಂಬ ಪದ ಯಾಕೆ ಸೇರಿಸುತ್ತೇವೆ ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ. 2024ರಲ್ಲಿ ಜಾರ್ಜಿಯಾ ಮತ್ತೆ ಟ್ರಂಪ್ ಕಡೆ ಹೋಯಿತು. ಅಂದರೆ ಬಿಳಿಯ ಇವ್ಯಾಂಜೆಲಿಕಲ್ ಮತ ಈಗ ಗೆಲ್ಲಲು ಬೇಕೇ ಬೇಕು, ಆದರೆ ಅದೊಂದೇ ಸಾಲದು.

ಇದರ ಬಿಸಿ ಪಕ್ಷದ ಒಳಗೂ ತಟ್ಟಿದೆ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿನ 1973ರ ತೀರ್ಪನ್ನು ರದ್ದು ಮಾಡಿತು. ಇವ್ಯಾಂಜೆಲಿಕಲರೂ ಸೇರಿದಂತೆ ಗರ್ಭಪಾತ ವಿರೋಧಿಗಳ ಐವತ್ತು ವರ್ಷದ ಪ್ರಯತ್ನದ ಫಲ. ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಆದರೆ ಎರಡೇ ತಿಂಗಳಲ್ಲಿ ಕ್ಯಾನ್ಸಸ್‌ನಲ್ಲಿ ಈ ವಿಷಯ ಜನರ ಮುಂದೆ ಮತಕ್ಕೆ ಬಂತು. 1964ರ ನಂತರ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟರನ್ನು ಒಮ್ಮೆಯೂ ಗೆಲ್ಲಿಸದ ರಾಜ್ಯ ಅದು. ಅಲ್ಲಿ ಸುಮಾರು ಶೇ. 59 ಮಂದಿ ಹಕ್ಕು ಉಳಿಯಲಿ ಎಂದರು. ಮರುವರ್ಷ ಒಹಾಯೊದಲ್ಲೂ ಹಾಗೇ ಆಯಿತು. ಪಕ್ಷಕ್ಕೆ ಅರ್ಥವಾಯಿತು. 2024ರ ಜುಲೈನಲ್ಲಿ ರಿಪಬ್ಲಿಕನ್ ಪ್ರಣಾಳಿಕೆಯಿಂದ ದೇಶಾದ್ಯಂತ ಗರ್ಭಪಾತ ನಿಷೇಧಿಸುವ ಮಾತನ್ನು ತೆಗೆದು, ಆಯಾ ರಾಜ್ಯಕ್ಕೆ ಬಿಟ್ಟರು. ಟ್ರಂಪ್ ಜೊತೆ ಉಪಾಧ್ಯಕ್ಷರಾಗಿದ್ದ ಮೈಕ್ ಪೆನ್ಸ್, ಸ್ವತಃ ಇವ್ಯಾಂಜೆಲಿಕಲ್, ಬಹಿರಂಗವಾಗಿ ಬೇಸರಪಟ್ಟರು. ಆದರೆ ನವೆಂಬರ್‌ನಲ್ಲಿ ಆ ಮತ ಕದಲಲಿಲ್ಲ. ಎಲ್ಲೂ ಹೋಗುವುದಿಲ್ಲ ಎಂದು ಗೊತ್ತಿರುವ ಮತಕ್ಕೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ, ಅಲ್ವಾ? ಸಂಖ್ಯೆ ಇಳಿದದ್ದರ ಮೊದಲ ಬೆಲೆಯನ್ನು ಅವರು ತೆತ್ತದ್ದು ಎದುರಾಳಿಯ ಮುಂದಲ್ಲ, ತಮ್ಮದೇ ಪಕ್ಷದ ಮುಂದೆ.

ರಾಜ್ಯಗಳ ಮಟ್ಟದಲ್ಲಿ ಕತೆ ಬೇರೆ. ದಕ್ಷಿಣದ ರಾಜ್ಯಗಳಲ್ಲಿ ಅವರ ಸಂಖ್ಯೆ ಈಗಲೂ ದೊಡ್ಡದು. ಶಾಸನಸಭೆಗಳು ಅವರ ಮಾತು ಕೇಳುತ್ತವೆ. ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸೀಟು, ಆರು ಲಕ್ಷ ಜನವೂ ಇಲ್ಲದ ವಯೋಮಿಂಗ್‌ಗೂ ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಗೂ. ಹಾಗಾಗಿ ಎಷ್ಟು ಜನ ಇದ್ದಾರೆ ಎನ್ನುವುದಕ್ಕಿಂತ ಎಲ್ಲಿ ಇದ್ದಾರೆ ಎನ್ನುವುದು ಮುಖ್ಯವಾಗುತ್ತದೆ. 2024ರಲ್ಲಿ ಲೂಸಿಯಾನಾ, 2025ರಲ್ಲಿ ಟೆಕ್ಸಸ್, ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಬೈಬಲ್ಲಿನ ಹತ್ತು ಕಟ್ಟಳೆಗಳನ್ನು ತೂಗುಹಾಕಬೇಕೆಂದು ಕಾನೂನು ಮಾಡಿದವು. ಎರಡೂ ಕಡೆ ವಿಷಯ ಕೋರ್ಟಿಗೆ ಹೋಯಿತು. ಟೆಕ್ಸಸ್‌ನಲ್ಲಿ ದಾವೆ ಹೂಡಿದವರಲ್ಲಿ ಯಹೂದಿ, ಕ್ರೈಸ್ತ ಕುಟುಂಬಗಳ ಜೊತೆ ಹಿಂದೂಗಳೂ ಇದ್ದರು. ಡಲ್ಲಾಸ್ ಸುತ್ತಮುತ್ತ ಮಕ್ಕಳನ್ನು ಶಾಲೆಗೆ ಕಳಿಸುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇದು ದೂರದ ಸುದ್ದಿಯಲ್ಲ.

ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಿಳಿಯರು ಅಂತ ಬಿಡಿಸದೆ ಎಲ್ಲರನ್ನೂ ಸೇರಿಸಿ ನೋಡಿದರೆ ಇಳಿಕೆ ಅಷ್ಟು ಕಡಿದಾಗಿಲ್ಲ. ಪ್ಯೂ ಪ್ರಕಾರ ಇವ್ಯಾಂಜೆಲಿಕಲ್ ಪ್ರಾಟೆಸ್ಟಂಟರು 2007ರಲ್ಲಿ ಶೇ. 26, 2023-24ರಲ್ಲಿ 23. ಸ್ಪ್ಯಾನಿಷ್‌ನಲ್ಲಿ ಪ್ರಾರ್ಥನೆ ನಡೆಯುವ, ಇವ್ಯಾಂಜೆಲಿಕಲ್ ಧಾರೆಯದೇ ಆದ ಪೆಂಟೆಕೋಸ್ಟಲ್ ಚರ್ಚುಗಳು ಅಟ್ಲಾಂಟಾದ ಅಂಗಡಿ ಸಾಲುಗಳಲ್ಲೂ ಸಿಗುತ್ತವೆ. 2024ರಲ್ಲಿ ಲ್ಯಾಟಿನೋ ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಟ್ರಂಪ್‌ಗೆ ಮತ ಹಾಕಿದರು. ಆದರೆ ಅವರ ಮನೆಗಳಲ್ಲಿ ವಲಸೆಯ ವಿಷಯ ಬೇರೆ ಥರದ ಭಯ ತರುತ್ತದೆ. ಆ ಮತ ಬಿಳಿಯರ ಮತದ ಹಾಗೆ ಇನ್ನೂ ಗಟ್ಟಿಯಾಗಿಲ್ಲ.

ಅದಕ್ಕೇ ಈಗ ನಾನು ಸಮೀಕ್ಷೆಯ ನಮೂನೆ ತಯಾರಿಸುವಾಗ ಆ ಒಂದು ಪ್ರಶ್ನೆಯನ್ನು ಒಂಟಿಯಾಗಿ ಬಿಡುವುದಿಲ್ಲ. ಅದರ ಕೆಳಗೆ ಇನ್ನೆರಡು ಸೇರಿಸುತ್ತೇನೆ. ನೀವು ಚರ್ಚಿಗೆ ಎಷ್ಟು ಸಲ ಹೋಗುತ್ತೀರಿ? ಹೋಗುವುದಾದರೆ, ಅಲ್ಲಿ ಯಾವ ಭಾಷೆಯಲ್ಲಿ ಪ್ರಾರ್ಥನೆ ನಡೆಯುತ್ತದೆ?