ಬೇಲಿ ಹತ್ತಿದ ವಿಮಾನ

ನ್ಯೂಜಿಲೆಂಡಿನ ವೈಟೋಹಿ ಎಂಬ ಹಳ್ಳಿಯಲ್ಲಿ ರಿಚರ್ಡ್ ಪಿಯರ್ಸ್ ಅಂತ ಒಬ್ಬ ರೈತನಿದ್ದ. ಅವನ ಮನಸ್ಸು ಹೊಲಕ್ಕಿಂತ ಶೆಡ್ಡಿನಲ್ಲೇ ಜಾಸ್ತಿ. ಊರವರು ಅವನನ್ನು ಹುಚ್ಚ ಅಂತಲೇ ಕರೆಯುತ್ತಿದ್ದರು. 1900ರ ನಂತರದ ಆ ವರ್ಷಗಳಲ್ಲಿ ಅವನು ತಾನೇ ಕೂತು ಒಂದು ವಿಮಾನ ಕಟ್ಟಿದ.

ಚೌಕಟ್ಟಿಗೆ ಬಿದಿರು, ರೆಕ್ಕೆಗೆ ಕ್ಯಾನ್ವಾಸ್, ಬಿಗಿಯೋಕೆ ತಂತಿ, ಕೆಳಗೆ ಮೂರು ಗಾಲಿ. ಎಂಜಿನ್ ಕೂಡ ಸ್ವಂತದ್ದೇ. ಎರಕದ ಕಬ್ಬಿಣದ ನೀರಿನ ಪೈಪೇ ಅದರ ಸಿಲಿಂಡರ್. ಇಂಧನ ಸಿಲಿಂಡರಿನೊಳಗೆ ಹಿಂದೆ ಮುಂದೆ ಓಡಾಡುವ ಪಿಸ್ಟನ್ನಿನ ಎರಡೂ ಬದಿಗೆ ಉರಿಯುತ್ತಿತ್ತು. ಹಾಗಾಗಿ ಎರಡೇ ಸಿಲಿಂಡರಿನಿಂದ ನಾಲ್ಕರ ಕೆಲಸ! ತೂಕ ಉಳಿಸೋಕೆ ಇದಕ್ಕಿಂತ ಜಾಣತನ ಬೇಕಾ?

ವಿಮಾನ ನೆಲ ಬಿಟ್ಟಿತು ಅಂತ ನೆರೆಹೊರೆಯವರು ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡು ಹೇಳಿದ್ದಾರೆ. ಸ್ವಲ್ಪ ದೂರ ಹೋಗಿ, ಹೊಲದ ಅಂಚಿನ ಎತ್ತರದ ಮುಳ್ಳುಬೇಲಿಯ ಮೇಲೆ ಕೂತುಬಿಟ್ಟಿತಂತೆ. ಇದು 1903ರ ಮಾರ್ಚ್ 31ರಂದು, ಅಂದರೆ ರೈಟ್ ಸೋದರರಿಗಿಂತ ಎಂಟೂವರೆ ತಿಂಗಳು ಮೊದಲೇ ನಡೆದದ್ದು ಅಂತ ಅವನ ಅಭಿಮಾನಿಗಳ ವಾದ. ನನಗೆ ತಾರೀಕಿಗಿಂತ ಬೇಲಿಯೇ ಮುಖ್ಯ ಅನ್ನಿಸುತ್ತದೆ. ವಿಮಾನ ಬೇಲಿಗೇ ಯಾಕೆ ಹೋಯಿತು?

ಪಿಯರ್ಸ್ 1906ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಆ ವಿನ್ಯಾಸದಲ್ಲಿ ರೆಕ್ಕೆಗೆ ಮೇಲೆ ಕೆಳಗೆ ಆಡುವ ಪಟ್ಟಿಗಳಿದ್ದವು. ಈಗಿನ ವಿಮಾನಗಳಲ್ಲೂ ಇವು ಇವೆ, ಏಲೆರಾನ್ ಅಂತಾರೆ. ಒಂದು ರೆಕ್ಕೆ ವಾಲಿದರೆ ಸರಿಪಡಿಸೋದು ಇವುಗಳ ಕೆಲಸ. ಆದರೆ ಇವಕ್ಕೆ ಬಲ ಬರೋದು ಗಾಳಿಯಿಂದ. ವೇಗ ಅರ್ಧವಾದರೆ ಆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆಗಷ್ಟೇ ನೆಲ ಬಿಟ್ಟ ನಿಧಾನದ ವಿಮಾನದಲ್ಲಿ ಹಿಡಿಕೆ ಎಷ್ಟು ಎಳೆದರೂ ಪ್ರಯೋಜನ ಕಮ್ಮಿ. ಓಡಿಸುವವನಿಗೂ ಅಭ್ಯಾಸವಿಲ್ಲ. ಅಭ್ಯಾಸ ಆಗೋದಾದರೂ ಹೇಗೆ, ಕೆಲವೇ ಕ್ಷಣದಲ್ಲಿ ಬೇಲಿ ಬಂತಲ್ವಾ!

ರೈಟ್ ಸೋದರರು ಗೆದ್ದದ್ದು ಇಲ್ಲೇ. ಎಂಜಿನ್ ಕೂರಿಸುವ ಮೊದಲೇ, 1902ರಲ್ಲಿ, ಅವರು ಗ್ಲೈಡರಿನಲ್ಲಿ ನೂರಾರು ಸಲ ತೇಲಿ ಕೈ ಪಳಗಿಸಿಕೊಂಡಿದ್ದರು. 1903ರ ಡಿಸೆಂಬರ್ 17ರಂದು ಅವರ ಮೊದಲ ಹಾರಾಟ 12 ಸೆಕೆಂಡು ಮಾತ್ರ. ಅದೇ ದಿನದ ನಾಲ್ಕನೆಯದು 59 ಸೆಕೆಂಡು. ಪಿಯರ್ಸ್ ಎಂಜಿನ್ನಿನಿಂದ ಶುರುಮಾಡಿದ, ಅವರು ಹತೋಟಿಯಿಂದ ಶುರುಮಾಡಿದರು.

ಅಭಿಮಾನಿಗಳು ಇವತ್ತಿಗೂ ಜಗಳ ಆಡುತ್ತಾರೆ, ಪಿಯರ್ಸ್ ಮಾತ್ರ ಆಡಲಿಲ್ಲ. ತಾನು ಗಂಭೀರವಾಗಿ ಪ್ರಯತ್ನಿಸಿದ್ದು 1904ರಿಂದ ಅಂತ ಅವನೇ ಹೇಳಿದ್ದ. 1915ರಲ್ಲಿ ಪತ್ರಿಕೆಗೆ ಬರೆದ ಕಾಗದದಲ್ಲಿ ಎಂಜಿನ್ ವಿಮಾನವನ್ನು ಮೊದಲು ಸರಿಯಾಗಿ ಹಾರಿಸಿದ ಗೌರವವನ್ನು ರೈಟ್ ಸೋದರರಿಗೇ ಬಿಟ್ಟುಕೊಟ್ಟ. ಹಾಗಂತ ವಿಮಾನದ ಗೀಳು ಬಿಡಲಿಲ್ಲ. ಮುಂದೆ ಕ್ರೈಸ್ಟ್‌ಚರ್ಚಿನಲ್ಲಿ ಪ್ರೊಪೆಲ್ಲರನ್ನೇ ಮೇಲಕ್ಕೆ ತಿರುಗಿಸಿ ನೇರ ಏರಬಲ್ಲ ಇನ್ನೊಂದು ವಿಮಾನಕ್ಕೆ ಕೈ ಹಾಕಿದ. ಅದು ಹಾರಲೇ ಇಲ್ಲ. 1953ರಲ್ಲಿ ಅವನು ತೀರಿಕೊಂಡ ಮೇಲೆ ಆ ವಿಮಾನ ಬೇರೆಯವರ ಕಣ್ಣಿಗೆ ಬಿತ್ತು. ಈಗ ಅದು ಆಕ್ಲೆಂಡಿನ ಮ್ಯೂಸಿಯಮ್ಮಿನಲ್ಲಿದೆ.