ಫೈಲ್ ತೆರೆಯುತ್ತದೆ, ಕನ್ನಡ ಕಾಣುವುದಿಲ್ಲ

ಈಗಲೂ ತಿಂಗಳಿಗೆ ಒಂದೆರಡು ಸಲ ಇಂಥದೊಂದು ಫೋನ್ ಬಂದೇ ಬರುತ್ತದೆ. "ಸರ್, ಫೈಲ್ ಓಪನ್ ಆಗ್ತಿದೆ. ಆದ್ರೆ ಕನ್ನಡ ಹೋಗಿ ಫ್ರೆಂಚ್ ಬಂದಿದೆ." ವೈರಸ್ ಹೊಡೆದಿರಬೇಕು ಅಂತ ಕೆಲವರಿಗೆ ಗಾಬರಿ. ವೈರಸ್ಸೂ ಇಲ್ಲ, ಫೈಲೂ ಕೆಟ್ಟಿಲ್ಲ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಿದ್ದಾರೆ, ಅಷ್ಟೆ.

ನಾನು ಬೆಂಗಳೂರಿನಲ್ಲಿ ಸಣ್ಣ ಕಚೇರಿ, ಪ್ರೆಸ್ಸು, ಟ್ರಸ್ಟುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಸಿಸ್ಟಮ್ ಅಡ್ಮಿನ್ ಅಂತ ಕಾರ್ಡಿನಲ್ಲಿದೆ. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ, ಅದು ಬೇರೆ ಮಾತು. ಮೇಲಿನ 'ಅಷ್ಟೆ'ಯನ್ನು ಬಿಡಿಸಿ ಹೇಳಲು ಹೋದರೆ ನಡುವೆ ಆಸ್ಕಿ, ಯೂನಿಕೋಡ್, ನುಡಿ, ಬರಹ, ಲಿನಕ್ಸ್ ಎಲ್ಲ ನುಗ್ಗಿ, ಕೇಳುತ್ತಿದ್ದವರು ಕೈಮುಗಿದು ಎದ್ದುಬಿಡುತ್ತಾರೆ. ಅದಕ್ಕೇ ಒಂದು ಸಲ ಮೊದಲಿಂದ ಬರೆಯುತ್ತಿದ್ದೇನೆ.

ಟೈಪ್‌ರೈಟರ್ ಕಾಲವನ್ನು ಬಿಡೋಣ. 1980ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಶುರುವಾಗಿ ಪುಣೆಯ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಎಂಬ ಭಾರತೀಯ ಭಾಷೆಗಳ ತಂತ್ರಜ್ಞಾನ ಬಂತು. 1991ರಲ್ಲಿ ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತ ಶಿಷ್ಟತೆ, ಅಂದರೆ ಯಾವ ಅಕ್ಷರಕ್ಕೆ ಯಾವ ಅಂಕಿ ಅನ್ನುವ ಪಟ್ಟಿ, ಬಂತು. ಅದೇ ವರ್ಷ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಿತ್ತು. ಇಸ್ಕಿಯ ಜೋಡಣೆಯನ್ನೇ ಹಿಡಿದು ಅದರಲ್ಲಿ ಕನ್ನಡಕ್ಕೂ 128 ಮನೆ ಕಾದಿರಿಸಿದ್ದರು. ಅಂದರೆ ಕಾಯಿಲೆ ಊರೆಲ್ಲ ಹರಡುವ ಮೊದಲೇ ಮದ್ದು ತಯಾರಿತ್ತು. ನುಂಗುವವರು ಇರಲಿಲ್ಲ. ವಿಂಡೋಸ್ 95ಕ್ಕಾಗಲಿ 98ಕ್ಕಾಗಲಿ ಕನ್ನಡದ ಒತ್ತಕ್ಷರ ಜೋಡಿಸುವ ವಿದ್ಯೆ ಗೊತ್ತಿರಲಿಲ್ಲ.

ಆದರೆ ಮದುವೆ ಕಾಗದ ಕಾಯುತ್ತದೆಯೇ? ಚಿಕ್ಕಪೇಟೆ, ಅವೆನ್ಯೂ ರಸ್ತೆ, ಚಾಮರಾಜಪೇಟೆಯ ಡಿ.ಟಿ.ಪಿ. ಅಂಗಡಿಗಳಲ್ಲಿ ಕೆಲಸ ಕಾದು ಕೂತಿತ್ತು. ಆಗ ಹೊಳೆದ ಉಪಾಯ ಬಹಳ ಜಾಣತನದ್ದು. ಕಂಪ್ಯೂಟರಿಗೆ ಇಂಗ್ಲಿಷ್ ಅಂತಲೇ ಹೇಳು, ಫಾಂಟಿನೊಳಗೆ ಇಂಗ್ಲಿಷ್ ಅಕ್ಷರದ ಚಿತ್ರ ತೆಗೆದು ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಲ್ಲ ಇದೇ ದಾರಿ ಹಿಡಿದವು. ಯಾವ ತುಂಡು ಯಾವ ಮನೆಯಲ್ಲಿ ಅನ್ನೋದು ಮಾತ್ರ ಅವರವರ ಇಷ್ಟ. ಒಬ್ಬರ ಫೈಲ್ ಇನ್ನೊಬ್ಬರ ಫಾಂಟಿನಲ್ಲಿ ತೆರೆದರೆ ಕನ್ನಡವೇನೋ ಕಾಣುತ್ತಿತ್ತು, ಯಾರಿಗೂ ಅರ್ಥವಾಗದ ಕನ್ನಡ.

ಈ ಗಲಾಟೆಗೆ ಸರ್ಕಾರ 2000ದ ಆಸುಪಾಸಿನಲ್ಲಿ ಒಂದು ಮಿತಿ ಹಾಕಿತು. ಕೀಲಿಮಣೆಗೆ ಒಂದು ಶಿಷ್ಟತೆ, ಫಾಂಟಿನ ತುಂಡುಗಳಿಗೆ ಇನ್ನೊಂದು. ಕನ್ನಡ ಗಣಕ ಪರಿಷತ್ತು ಅದರ ಮೇಲೆ ನುಡಿ ತಂತ್ರಾಂಶ ಕಟ್ಟಿತು. ಅದಕ್ಕೂ ಮೊದಲೇ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ತಂತ್ರಾಂಶ ಬಂದಿತ್ತು. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬೇಕಿದ್ದ ವಸ್ತು ಪುಕ್ಕಟೆ ಸಿಕ್ಕಿತು. ಇವತ್ತು ನುಡಿಯನ್ನೋ ಬರಹವನ್ನೋ ಬೈಯುವವರು ಆ ಕಾಲದ ಬೆಲೆಪಟ್ಟಿ ಮರೆತವರು. ನನ್ನ ತಲೆಮಾರಿನ ಬಹಳ ಜನ ಮೊದಲ ಸಲ ಕನ್ನಡದಲ್ಲಿ ತಮ್ಮ ಹೆಸರು ಟೈಪ್ ಮಾಡಿದ್ದೇ ಇವೆರಡರಲ್ಲಿ ಒಂದರಿಂದ.

ಈಗ ಒಂದು ಪದವನ್ನು ಹತ್ತಿರದಿಂದ ನೋಡೋಣ. ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿ ಉಳಿಸಿದರೆ ಫೈಲಿನೊಳಗೆ ಇರುವುದು ಏಳು ಗುರುತು: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯು, ಇನ್ನೊಮ್ಮೆ ಅದೇ ಎ. ಆ ಎ ಇದೆಯಲ್ಲ, ಅದು ತಲೆಕಟ್ಟು. ಪಿ ಅನ್ನೋದು ತಲೆಕಟ್ಟಿಲ್ಲದ ಕ. ಜರ್ಮನ್ ಎಸ್ಸು ನ ಒತ್ತು. ಫಾಂಟ್ ಇದ್ದಾಗ ಇವೆಲ್ಲ ಸೇರಿ ಮುದ್ದಾದ ಕನ್ನಡ. ಇಲ್ಲದಿದ್ದಾಗ ಆ ಫೋನಿನ 'ಫ್ರೆಂಚ್'.

'ಮ' ಇನ್ನೂ ಸೊಗಸು. ಒತ್ತುವ ಕೀಲಿ ಒಂದೇ. ಒಳಗೆ ಉಳಿಯುವುದು ಮೂರು: ವ ಅಕ್ಷರದ ಮೈ, ತಲೆಕಟ್ಟು, ಕೊಂಬು. ವ ಬರೆದು ಕೊಂಬು ಸಿಕ್ಕಿಸಿದರೆ ನೋಡಲು ಮ ಥರ ಕಾಣುತ್ತದೆ ಅಲ್ವಾ, ಅದೇ ಲೆಕ್ಕ. ಹೀಗಾಗಿ ನೀವು ವ ಹುಡುಕಿದರೆ ಮ ಎಲ್ಲವೂ ಸಿಗುತ್ತದೆ. 'ಯ'ಗೆ ನಾಲ್ಕು ತುಂಡು, ಮೊದಲನೆಯದು ಸೊನ್ನೆ. ಆ ಸೊನ್ನೆ ಕೂತಿರುವುದು ಇಂಗ್ಲಿಷಿನ ದೊಡ್ಡ ಎ ಮನೆಯಲ್ಲಿ. ಕನ್ನಡದ ಅ ಕೂತಿರುವುದು ಸಿ ಮನೆಯಲ್ಲಿ. ಅಂದರೆ ಹೆಸರಿನ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಅಂದರೆ ಯಶೋದಾ ಮೇಲೆ, ಅನಂತ ಕೆಳಗೆ. ಒಂದು ಶಾಲೆಯ ಹಾಜರಿ ಪಟ್ಟಿಯಲ್ಲಿ ಇದನ್ನು ನೋಡಿದ ಮೇಷ್ಟ್ರು ಕಂಪ್ಯೂಟರಿಗೆ ಕನ್ನಡ ಬರಲ್ಲ ಅಂದರು. ಅವರು ಹೇಳಿದ್ದು ನಿಜ. ಅದಕ್ಕೆ ಕನ್ನಡ ಅಂತ ಯಾರೂ ಹೇಳಿಯೇ ಇರಲಿಲ್ಲ.

(ಜನ ಇದನ್ನು 'ಆಸ್ಕಿ ಕನ್ನಡ' ಅನ್ನುತ್ತಾರೆ. ಆಸ್ಕಿ ಅಂದರೆ ಇಂಗ್ಲಿಷಿಗಾಗಿ ಮಾಡಿದ ಹಳೇ ಸಂಕೇತ ಪಟ್ಟಿ. ಅದರಲ್ಲಿ ಇರುವುದೇ 128 ಸಂಕೇತ, ಪೌಂಡ್ ಗುರುತು ಅದರಲ್ಲಿ ಇಲ್ಲವೇ ಇಲ್ಲ. ನನ್ನ ಕಸುಬಿನವರಿಗೆ ಇಂಥದ್ದರಲ್ಲಿ ಜಗಳ ತೆಗೆಯುವ ಚಟ. ಊರಿಗೆ ಊರೇ ಆಸ್ಕಿ ಅಂದ ಮೇಲೆ ಆಸ್ಕಿ.)

ವಿಚಿತ್ರ ಏನೆಂದರೆ ಟೈಪ್ ಮಾಡುವವರ ಬೆರಳು ಮೊದಲಿಂದಲೂ ಸರಿಯಾಗಿಯೇ ಇತ್ತು. ಸರ್ಕಾರ ಒಪ್ಪಿದ ಕೀಲಿಮಣೆ ಭಾಷಾ ತಂತ್ರಜ್ಞ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅವರು ಅದನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟರು. ಅದರಲ್ಲಿ 'ಕನ್ನಡ' ಬರೆಯಲು ಐದು ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಅಂದರೆ ಅರ್ಧಾಕ್ಷರದ ಕೀಲಿ. ಯೂನಿಕೋಡ್‌ನಲ್ಲೂ ಆ ಪದಕ್ಕೆ ಇರುವುದು ಇದೇ ಐದು ಸಂಕೇತ, ಇದೇ ಕ್ರಮದಲ್ಲಿ. ಬೆರಳು ಭಾಷೆಯ ಕ್ರಮದಲ್ಲಿ ಓಡಿತು. ಫೈಲ್ ಮಾತ್ರ ಚಿತ್ರದ ಕ್ರಮದಲ್ಲಿ ಬರೆದುಕೊಂಡಿತು.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಅದರಲ್ಲಿ ಯೂನಿಕೋಡ್ ಕನ್ನಡ ಇತ್ತು, ತುಂಗಾ ಎಂಬ ಫಾಂಟೂ ಇತ್ತು. ಆದರೆ ಸುಮ್ನೆ ಕೂತರೆ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದರೆ ವಿಂಡೋಸ್ ಸಿ.ಡಿ. ಕೊಡು ಅನ್ನುತ್ತಿತ್ತು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಜೋಡಿಸಿ ತಂದ ಕಂಪ್ಯೂಟರಿಗೆ ಸಿ.ಡಿ. ಎಲ್ಲಿಂದ ತರೋದು? ಇನ್ನು ಪ್ರೆಸ್ಸಿನವರ ಜೀವ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ, 7.0, ಬಂದದ್ದೂ 2001ರಲ್ಲೇ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಇನ್‌ಡಿಸೈನ್ ಎಂಬ ಅದರ ಉತ್ತರಾಧಿಕಾರಿ ಕನ್ನಡವನ್ನು ಸರಿಯಾಗಿ ಜೋಡಿಸಲು ಶುರುಮಾಡಿದ್ದು 2012ರ ಸಿಎಸ್6ರಲ್ಲಿ. ನಡುವಿನ ಹನ್ನೊಂದು ವರ್ಷ ಬೆಂಗಳೂರಿನ ಪುಸ್ತಕ, ಕರಪತ್ರ, ಸುತ್ತೋಲೆ ಎಲ್ಲ ಹಳೇ ಫಾಂಟಿನಲ್ಲೇ ರಾಶಿ ಬಿದ್ದವು. ಸೋಮಾರಿತನ ಅಂತ ದೂರಬಹುದು. ಸಂಜೆ ಐದಕ್ಕೆ ಪ್ಲೇಟ್ ಕೊಡಬೇಕಾದವರಿಗೆ ಆಯ್ಕೆ ಇರಲಿಲ್ಲ.

ಇದೇ ಹೊತ್ತಿಗೆ ಪಕ್ಕದಲ್ಲೇ ಇನ್ನೊಂದು ಬೆಂಗಳೂರು ನಡೆಯುತ್ತಿತ್ತು. ನಾನು ಆ ಕಡೆಯವನು. 2001ರಿಂದ 2012ರವರೆಗೆ ಇಲ್ಲಿ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ಮುಕ್ತ ವ್ಯವಸ್ಥೆ) ಸಮ್ಮೇಳನ ನಡೆಯುತ್ತಿತ್ತು. ಮೊದಲು ಲಿನಕ್ಸ್ ಬೆಂಗಳೂರು ಅಂತ, 2005ರಿಂದ ಫಾಸ್ ಡಾಟ್ ಇನ್ ಅಂತ. ಉಬುಂಟು ಎಂಬ ಲಿನಕ್ಸಿನ ಸಿ.ಡಿ.ಗಳು ಅಂಚೆಯಲ್ಲಿ ಪುಕ್ಕಟೆ ಮನೆಗೆ ಬರುತ್ತಿದ್ದವು, 2011ರಲ್ಲಿ ನಿಲ್ಲಿಸಿದರು. ಅಂಚೆಯಣ್ಣ ಒಮ್ಮೆ "ಏನ್ ಸಾರ್, ವಿದೇಶದಿಂದ ಹಾಡಿನ ಸಿ.ಡಿ.ನಾ?" ಅಂತ ಕೇಳಿದ್ದರು. ಕನ್ನಡ ವಿಕಿಪೀಡಿಯ 2003ರಲ್ಲೇ ಶುರುವಾಗಿತ್ತು, ಪೂರ್ತಿ ಯೂನಿಕೋಡ್. ಅದನ್ನು ಲಿನಕ್ಸ್‌ನಲ್ಲಿ ಓದುವುದೇ ಒಂದು ತಪಸ್ಸು. ಒತ್ತಕ್ಷರ ಕೆಳಗೆ ಹೋಗುವ ಬದಲು ಪಕ್ಕದಲ್ಲಿ ನಿಂತು, 'ಅಮ್ಮ' ಅನ್ನೋದು 'ಅಮ್‌ಮ' ಆಗುತ್ತಿತ್ತು. 2008ರ ಫೈರ್‌ಫಾಕ್ಸ್ 3 ಬ್ರೌಸರ್ ಬಂದ ಮೇಲೆ ಉಸಿರಾಡಿದೆವು. ಆಮೇಲೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಬೆಳೆಯಿತು. ಆಂಡ್ರಾಯ್ಡ್, ಕ್ರೋಮ್, ಲಿಬ್ರೆಆಫೀಸ್ ಎಲ್ಲ ಅದನ್ನೇ ಬಳಸುತ್ತವೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಈ ಸಾಲಿನ ಒತ್ತಕ್ಷರ ಸರಿಯಾಗಿ ಕಾಣುತ್ತಿದ್ದರೆ ಅದರದೇ ಕೆಲಸ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪುಕ್ಕಟೆ ಬೇರೆ, ಮುಕ್ತ ಬೇರೆ. ದೇವಸ್ಥಾನದಲ್ಲಿ ಪುಳಿಯೋಗರೆ ಪ್ರಸಾದ ಸಿಗುತ್ತದೆ, ಗೊಜ್ಜಿನ ಅಳತೆ ಸಿಗುವುದಿಲ್ಲ. ಆ ಕಾಲದ ಕನ್ನಡ ತಂತ್ರಾಂಶಗಳೂ ಹಾಗೇ. ಕೊಟ್ಟಷ್ಟು ದಿನ ತಿಂದೆವು. ವಿಂಡೋಸ್ ಬಿಟ್ಟು ಆಚೆ ಹೋಗಬೇಕಾದಾಗ ಅಳತೆ, ಅಂದರೆ ತಂತ್ರಾಂಶದ ಒಳಗಿನ ಕೋಡ್, ಬೇಕಾಯಿತು.

ನನಗೆ ಅದು ಬೇಕಾದದ್ದು 2014ರಲ್ಲಿ. ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ಮುಗಿಯಿತು. ಚಾಮರಾಜಪೇಟೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರೆಸ್ಸಿನಲ್ಲಿ ನಾಲ್ಕು ಹಳೇ ಕಂಪ್ಯೂಟರ್ ಇದ್ದವು. ಹೊಸ ವಿಂಡೋಸ್ ಅವುಗಳ ಮೇಲೆ ಏಳುತ್ತಿರಲಿಲ್ಲ, ಏಳುವಂಥದ್ದನ್ನು ಕೊಳ್ಳಲು ಯಜಮಾನರು ಒಪ್ಪಲಿಲ್ಲ. "ನಿನ್ನ ಆ ಲಿನಕ್ಸ್ ಹಾಕಿಬಿಡಪ್ಪ" ಅಂದರು. ಹಾಕಿದೆ. ಅಲ್ಲಿ ಹದಿನೈದು ವರ್ಷದಿಂದ ಟೈಪ್ ಮಾಡುತ್ತಿದ್ದ ಅಕ್ಕ ಒಬ್ಬರಿದ್ದರು. ಕೀಲಿಮಣೆಯ ಮೇಲಿನ ಇಂಗ್ಲಿಷ್ ಅಕ್ಷರಗಳೆಲ್ಲ ಸವೆದು ಬೋಳಾಗಿದ್ದವು, ಅವರಿಗೆ ಅದರ ಅಗತ್ಯವೂ ಇರಲಿಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ 'ವೈನ್' ಮೂಲಕ ಹಳೇ ತಂತ್ರಾಂಶ ಓಡಿಸಲು ನೋಡಿದೆ. ತೆರೆಯಿತು. ಅಕ್ಷರ ಮಾತ್ರ ಪಕ್ಕದ ಕಿಟಕಿಗೆ ಹೋಗಲಿಲ್ಲ. ಎರಡು ದಿನ ಪ್ರೆಸ್ಸು ನಿಂತಿತು. ಅದು ನನ್ನದೇ ತಪ್ಪು, ಮೊದಲು ಒಂದರಲ್ಲಿ ಪರೀಕ್ಷೆ ಮಾಡಿ ಆಮೇಲೆ ಉಳಿದ ಮೂರಕ್ಕೆ ಕೈಹಾಕಬೇಕಿತ್ತು.

ಮೂರನೇ ದಿನ ಸಿಕ್ಕಿತು. ಲಿನಕ್ಸ್‌ನಲ್ಲಿ ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹ ಇದೆ, ಅದರಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಅಂತ ಒಂದು. ಅದು ಅಕ್ಕನ ಬೆರಳಿಗೆ ಗೊತ್ತಿದ್ದ ವಿನ್ಯಾಸವೇ. ಅದನ್ನು ಹಾಕಿ ಕೂರಿಸಿದೆ. ಅವರು ಒಂದು ಪುಟ ಹೊಡೆದು, "ಕೈ ಅದೇ ಇದೆ, ಅಕ್ಷರ ಯಾಕೋ ದಪ್ಪ ಆಗಿದೆ" ಅಂದರು. ಫಾಂಟು ಬದಲಾಗಿತ್ತು. ಮೊದಲು ಲೋಹಿತ್, ಆಮೇಲೆ ಗುಬ್ಬಿ, ನವಿಲು ಅಂತ ಒಂದೊಂದಾಗಿ ತೋರಿಸಿದೆ. ಸೀರೆ ಅಂಗಡಿಯಲ್ಲಿ ಕೂತ ಹಾಗೆ ಬೇಡ, ಬೇಡ ಅಂತ ಕೊನೆಗೊಂದು ಒಪ್ಪಿದರು.

ಹೊಸ ಕೆಲಸ ಹೀಗೆ ನಡೆಯಿತು. ಹಳೇ ಫೈಲುಗಳದ್ದು ಬೇರೆ ಕಥೆ. ಸರ್ಕಾರದ ಶಿಷ್ಟತೆ ಇದ್ದದ್ದರಿಂದ ನುಡಿಯ ಕೋಷ್ಟಕ ಗೊತ್ತಿತ್ತು, ಆಸಕ್ತರು ಪರಿವರ್ತಕಗಳನ್ನು ಬರೆದು ಮುಕ್ತವಾಗಿ ಹಂಚಿದ್ದರು. ನುಡಿಯಲ್ಲೂ ಯೂನಿಕೋಡ್ ಬಂತು, ಪರಿವರ್ತನೆಯೂ ಬಂತು. ತೊಡಕು ಬರುವುದು ಅರ್ಕಾವತ್ತಿನಲ್ಲಿ. 'ಕಾರ್ಯ' ಪದ ನೋಡಿ. ಕಣ್ಣಿಗೆ ಅರ್ಕಾವತ್ತು ಯ ಆದ ಮೇಲೆ ಕಾಣುತ್ತದೆ, ಹಳೇ ಫೈಲಿನಲ್ಲೂ ಕೊನೆಯಲ್ಲೇ ಕೂತಿರುತ್ತದೆ. ಬಾಯಲ್ಲಿ ರ್ ಮೊದಲು, ಯೂನಿಕೋಡ್‌ನಲ್ಲೂ ಮೊದಲು. ಪರಿವರ್ತಕ ಹಿಂದಕ್ಕೆ ನಡೆದು ಸರಿಯಾದ ಅಕ್ಷರ ಹುಡುಕಿ ಅದರ ಮುಂದೆ ರ್ ಇಡಬೇಕು. ಒಂದು ಹೆಜ್ಜೆ ತಪ್ಪಿದರೆ ಪದ ಕೆಟ್ಟಿತು. 'ರ‍್ಯಾಂಕ್' ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇರೆ ಬೇಕು, ಇಲ್ಲದಿದ್ದರೆ 'ರ್ಯಾಂಕ್' ಆಗುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಇದು ಯೂನಿಕೋಡ್‌ನದೇ ತಲೆನೋವು. ಅದನ್ನೂ ಹೇಳದೆ ಯೂನಿಕೋಡ್ ಬಂದು ಎಲ್ಲ ಸರಿಹೋಯಿತು ಅನ್ನೋದು ಸರಿಯಲ್ಲ.

ಪಿ.ಡಿ.ಎಫ್. ಮಾತ್ರ ಉಳಿದಿದ್ದರೆ ಕಷ್ಟ ಜಾಸ್ತಿ. ಕಾಪಿ ಮಾಡಿದರೆ ಮತ್ತೆ ಅದೇ ಫ್ರೆಂಚ್. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಪುಟವನ್ನು ಚಿತ್ರ ಮಾಡಿ ಅದಕ್ಕೆ ಕೊಡುತ್ತೇನೆ. ನಾವೇ ಟೈಪ್ ಮಾಡಿದ್ದನ್ನು ಕಂಪ್ಯೂಟರಿಗೆ ಫೋಟೊ ತೋರಿಸಿ ಓದಿಸುವುದು. ನಗು ಬರುತ್ತದೆ.

ಪುಟ ಕಟ್ಟಲು ಸ್ಕ್ರೈಬಸ್ ಇದೆ. 2017ರ 1.5.3ರಲ್ಲಿ ಅದಕ್ಕೂ ಹಾರ್ಫ್‌ಬಜ್ ಬಂತು, 2024ರ ಜನವರಿಯಲ್ಲಿ 1.6 ಸ್ಥಿರ ಆವೃತ್ತಿ ಬಂತು. ಪ್ರೆಸ್ಸಿನಲ್ಲಿ ಕರಪತ್ರಗಳನ್ನು ಅದರಲ್ಲೇ ಮಾಡುತ್ತಾರೆ. ಆದರೂ ಮೂಲೆಯಲ್ಲಿ ಒಂದು ಎಕ್ಸ್‌ಪಿ ಕಂಪ್ಯೂಟರ್ ಇಟ್ಟಿದ್ದೇವೆ, ನೆಟ್ ತಂತಿ ಕಿತ್ತು. ಪೇಜ್‌ಮೇಕರ್ ಫೈಲ್ ತೆರೆಯಲು ಬೇರೆ ದಾರಿ ನನಗೆ ಸಿಕ್ಕಿಲ್ಲ.

ಕಳೆದ ತಿಂಗಳು 2003ರ ಒಂದು ಪುಸ್ತಕದ ಮರುಮುದ್ರಣಕ್ಕೆ ಅದನ್ನು ಎಬ್ಬಿಸಿದೆವು. ಪಠ್ಯ ಹೊರತೆಗೆದು, ಪರಿವರ್ತಿಸಿ, ಅರ್ಕಾವತ್ತುಗಳನ್ನೆಲ್ಲ ಒಂದೊಂದಾಗಿ ನೋಡಿ ಅಕ್ಕನ ಮುಂದಿಟ್ಟೆ. ನಲವತ್ತನೇ ಪುಟದಲ್ಲಿ ಬೆರಳಿಟ್ಟರು. "ಇಲ್ಲಿ ಸೊನ್ನೆ ತಿಂದಿದೆಯಲ್ಲಪ್ಪ ನಿನ್ನ ಪ್ರೋಗ್ರಾಮು." ಸೊನ್ನೆ ಅಂದ ಕೂಡಲೇ ನನಗೆ ಯ ನೆನಪಾಗಿ, ಕೋಷ್ಟಕ ತೆರೆದು ಅರ್ಧ ಗಂಟೆ ಹುಡುಕಿದೆ. ತಪ್ಪು ಸಿಗಲಿಲ್ಲ. ಅಷ್ಟರಲ್ಲಿ ಅವರು ಬೀರುವಿನಿಂದ ಹಳೇ ಪ್ರತಿ ತೆಗೆದು, ಧೂಳು ಒರೆಸಿ, ಅದೇ ಸಾಲು ಹುಡುಕಿದರು. ಅಲ್ಲೂ ಸೊನ್ನೆ ಇರಲಿಲ್ಲ.

"ನಂದೇ ಬಿಡು" ಅಂದರು. ಪುಸ್ತಕ ಮುಚ್ಚಿಟ್ಟು ಸೊನ್ನೆ ಹಾಕಿದರು.