ಇಸಿಎಂ ತರುವ ಮೊದಲು ಅರ್ಥಿಂಗ್ ನೋಡಿ

ಮೊನ್ನೆ ಹಳೆಯ ವ್ಯಾಗನ್ ಆರ್ ಒಂದನ್ನು ಟೋ ಮಾಡಿಸಿಕೊಂಡು ನಮ್ಮ ಗ್ಯಾರೇಜಿಗೆ ತಂದರು. ಮಾಲೀಕರ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಸೆಕೆಂಡ್ ಹ್ಯಾಂಡ್ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ. ‘ಹಳೇದು ಸತ್ತಿದೆ ಅಂದ್ರು ಸಾರ್. ಗುಜರಿಯಲ್ಲಿ ಹುಡುಕಿ ತಂದಿದೀನಿ, ಕೂರಿಸಿಕೊಡಿ’ ಎಂದರು.

ಕೀ ಆನ್ ಮಾಡಿದೆ. ಚೆಕ್ ಲೈಟ್ ಹತ್ತಲಿಲ್ಲ, ಪೆಟ್ರೋಲ್ ಪಂಪಿನ ಗುಂಯ್ ಸದ್ದೂ ಇಲ್ಲ. ಇಸಿಎಂ ಸತ್ತರೂ ಹೀಗೆಯೇ, ಅದಕ್ಕೆ ಕರೆಂಟ್ ಸಿಗದಿದ್ದರೂ ಹೀಗೆಯೇ. ಮೀಟರ್ ಹಿಡಿದರೆ ಕೀ ಲೈನಿನಲ್ಲಿ 12 ವೋಲ್ಟ್ ಇದೆ, ಅರ್ಥಿಂಗ್ ಇಲ್ಲ. ಇಂಜಿನ್‌ಗೆ ಬಿಗಿದಿದ್ದ ಅರ್ತ್ ವೈರು ಹಸಿರು ಕಿಲುಬು ಹಿಡಿದು, ಮುಟ್ಟಿದರೆ ಕೈಗೇ ಬಂತು. ಜಾಗ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಬಿಗಿಯುವ ಲೋಹದ ಬಳೆ) ಹಾಕಿದೆವು. ಒಂದೇ ಸೆಲ್ಫ್‌ಗೆ ಸ್ಟಾರ್ಟ್!

ನಿಜವಾಗಿ ಸತ್ತ ಇಸಿಎಂಗಳೂ ಬರುತ್ತವೆ. ಆಗ ಕೇಳಬೇಕಾದ್ದು, ಅದನ್ನು ಕೊಂದದ್ದು ಯಾವುದು? ಎಷ್ಟೋ ಗಾಡಿಗಳಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಶಾರ್ಟ್ ಆಗಿ, ಇಸಿಎಂ ಒಳಗಿನ ಟ್ರಾನ್ಸಿಸ್ಟರನ್ನು ಸುಟ್ಟಿರುತ್ತದೆ. ಕಾಯಿಲ್ ಬದಲಿಸದೆ ಬೇರೆ ಡಬ್ಬಿ ಕೂರಿಸಿದರೆ ಅದಕ್ಕೂ ಅದೇ ಗತಿ. ಬ್ಯಾಟರಿ ಕಳಚದೆ ಗಾಡಿಯ ಬಾಡಿ ಮೇಲೆ ವೆಲ್ಡಿಂಗ್ ಮಾಡಿಸಿದ್ದರೂ ಇಸಿಎಂ ಸಾಯಬಹುದು.

ಇನ್ನು ನಂಬರ್. ‘ಅದೇ ಮಾಡೆಲ್ ಸಾರ್, ಕೂರುತ್ತೆ’ ಎನ್ನುತ್ತಾರೆ. ಕನೆಕ್ಟರ್ ಕೂರುತ್ತದೆ, ನಿಜ. ಮಾರುತಿಯದಾದರೆ ಲೇಬಲ್ ಮೇಲೆ 33920 ಎಂದು ಶುರುವಾಗುವ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಬೇಕು. ಬೆಂಗಳೂರಿಗೆ 2005ರ ಏಪ್ರಿಲ್‌ನಲ್ಲೇ ಬಿಎಸ್-3 ಎಂಬ ಹೊಗೆ ನಿಯಮ ಬಂತು, ದಾವಣಗೆರೆಯಂಥ ಊರುಗಳಲ್ಲಿ 2010ರವರೆಗೂ ಅದಕ್ಕಿಂತ ಹಳೆಯ ಬಿಎಸ್-2 ನಡೆಯಿತು. ಒಂದೇ ವರ್ಷದ, ಒಂದೇ ಹೆಸರಿನ ಎರಡು ಕಾರುಗಳ ಇಸಿಎಂ ಬೇರೆಯಾಗಿರಲು ಇಷ್ಟು ಸಾಕು.

ನನಗೆ ಹೆಚ್ಚು ತಲೆನೋವು ಕೊಡುವುದು ಐಕ್ಯಾಟ್ಸ್, ಅಂದರೆ ಮಾರುತಿ ಕಾರುಗಳ ಕಳ್ಳತನ ತಡೆಯುವ ವ್ಯವಸ್ಥೆ. ಕೀಯೊಳಗಿನ ಚಿಪ್, ಆ ಚಿಪ್ ಓದುವ ಇಮ್ಮೊಬಿಲೈಸರ್ ಡಬ್ಬಿ, ಇಸಿಎಂ, ಮೂರಕ್ಕೂ ಪರಸ್ಪರ ಗುರುತಿರುತ್ತದೆ. ಅಪರಿಚಿತ ಇಸಿಎಂ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ಲೈಟು ಮಿಟುಕುತ್ತದೆಯೇ ಹೊರತು ಇಂಜಿನ್ ಹತ್ತುವುದಿಲ್ಲ. ಒಂದೇ ಗಾಡಿಯ ಮೂರನ್ನೂ ಸೆಟ್ಟಾಗಿ ಕೊಳ್ಳಿ. ಇಲ್ಲವೇ ಹಳೆಯ ಬೋರ್ಡಿನ ಮೆಮೊರಿ ಚಿಪ್ ಓದಿ ಹೊಸದಕ್ಕೆ ಬರೆಯುವವರನ್ನು ಹಿಡಿಯಿರಿ. ಅದಕ್ಕೇ ಹಳೇ ಡಬ್ಬಿಯನ್ನು ಗುಜರಿಗೆ ಕೊಟ್ಟು ಬರಬೇಡಿ.

ವ್ಯಾಗನ್ ಆರ್ ಮಾಲೀಕರು ತಂದಿದ್ದನ್ನು ಕುತೂಹಲಕ್ಕೆ ಬಿಚ್ಚಿದೆ. ಮುಚ್ಚಳದ ಸ್ಕ್ರೂಗಳ ತಲೆ ಮೊದಲೇ ಸವೆದಿತ್ತು. ಪಿನ್ನುಗಳ ಬುಡದಲ್ಲಿ ಬಿಳಿ ಪುಡಿ, ಕೆಪಾಸಿಟರ್ ಬಳಿ ಒಣಮೀನಿನಂಥ ವಾಸನೆ. ನೀರು ಕುಡಿದ ಗಾಡಿಯದು. ‘ವಾಪಸ್ ತಗೋತಾರಾ ಸಾರ್?’ ಎಂದರು. ಬಿಲ್ಲಿನ ಕೆಳಗೆ ರಬ್ಬರ್ ಸ್ಟಾಂಪಿತ್ತು: ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ.